ಹಗಲು 11ಕ್ಕೆ ಅರುಂಧತಿ ಎಲ್ಲಿರುತ್ತಾಳೆ?

ಹಿಂದಿನ ಸಂಚಿಕೆಯಲ್ಲಿ ಸಪ್ತರ್ಷಿ ಮಂಡಲದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಏಳು ನಕ್ಷತ್ರಗಳ ಬಗ್ಗೆ ಅಲ್ಲ, ಪಕ್ಕದಲ್ಲಿ ಮಂಕಾಗಿ ಮಿನುಗುವ ಎಂಟನೆಯದರ ಬಗ್ಗೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅರುಂಧತಿಗೇ.

ಮೇ ತಿಂಗಳಲ್ಲಿ ಮಗಳ ಮದುವೆ ಮಾಡಿದೆವು. ಹಗಲು 11 ಗಂಟೆಗೆ ಪುರೋಹಿತರು ಹುಡುಗ ಹುಡುಗಿಯನ್ನು ಛತ್ರದ ಬಾಗಿಲಿಗೆ ಕರೆತಂದು, ಆಕಾಶಕ್ಕೆ ಕೈ ತೋರಿಸಿ, ಅರುಂಧತಿ ಕಾಣಿಸಿತಾ ಎಂದು ಕೇಳಿದರು. ಇಬ್ಬರೂ ಹೂಂ ಎಂದು ತಲೆಯಾಡಿಸಿದರು. ನನಗೆ ಬಿಸಿಲು ಬಿಟ್ಟು ಬೇರೇನೂ ಕಾಣಲಿಲ್ಲ. ನಿಜಕ್ಕೂ ಅಂಥ ನಕ್ಷತ್ರ ಇದೆಯಾ? ನೋಡಬೇಕೆಂದರೆ ಎಲ್ಲಿ, ಯಾವಾಗ ನೋಡಬೇಕು?
(ತಿಪಟೂರಿನಿಂದ ಒಬ್ಬ ತಂದೆ)

ನಕ್ಷತ್ರ ಖಂಡಿತ ಇದೆ. ಆದರೆ ಆ ಹೊತ್ತಿನಲ್ಲಿ ಅಲ್ಲಿರಲಿಲ್ಲ. ಬಿಸಿಲಿನ ಮಾತು ಹಾಗಿರಲಿ, ಮೇ ತಿಂಗಳ ಮಧ್ಯದಲ್ಲಿ ಹಗಲು 11ಕ್ಕೆ ನಮ್ಮ ಕರ್ನಾಟಕದಿಂದ ನೋಡಿದರೆ ಅರುಂಧತಿ ದಿಗಂತದ ಕೆಳಗಿರುತ್ತಾಳೆ. ಅವಳು ಹುಟ್ಟುವುದೇ ಮಧ್ಯಾಹ್ನ ಎರಡೂವರೆ, ಮೂರು ಗಂಟೆ ಹೊತ್ತಿಗೆ. ಅದೇ ನವೆಂಬರ್ ಕೊನೆಯಲ್ಲಿ ಮದುವೆಯಾಗಿದ್ದರೆ ಹಗಲು 11ಕ್ಕೆ ಉತ್ತರ ಆಕಾಶದಲ್ಲಿ ಸಾಕಷ್ಟು ಮೇಲೆಯೇ ಇರುತ್ತಿದ್ದಳು, ಪುರೋಹಿತರು ಬೆರಳು ತೋರಿಸಿದ ಕಡೆಯೇ ಇದ್ದರೂ ಇರಬಹುದಿತ್ತು, ಬಿಸಿಲಿನಲ್ಲಿ ಕಾಣುತ್ತಿರಲಿಲ್ಲ ಅಷ್ಟೆ.

ಇದು ಮೊದಲಿನಿಂದಲೂ ರಾತ್ರಿಯ ಶಾಸ್ತ್ರ. ಹೊತ್ತು ಮುಳುಗಿ ನಕ್ಷತ್ರ ಮೂಡಿದ ಮೇಲೆ ಹೊಸ ಜೋಡಿಗೆ ಧ್ರುವನನ್ನು, ಅರುಂಧತಿಯನ್ನು ತೋರಿಸುತ್ತಿದ್ದರು. ಈಗ ಮುಹೂರ್ತ ಹಗಲಿಗೆ, ಊಟ ಮಧ್ಯಾಹ್ನಕ್ಕೆ, ಸಂಜೆಯೊಳಗೆ ಛತ್ರ ಬಿಟ್ಟುಕೊಡಬೇಕು. ಶಾಸ್ತ್ರವೂ ಹಗಲಿಗೆ ಸರಿದಿದೆ. ಪುರೋಹಿತರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಉಳಿದ ಅರ್ಧ ಶಾಸ್ತ್ರವನ್ನು ನೀವೇ ಮುಗಿಸಬಹುದು.

ಮುಂದಿನ ಮೇ ಕೊನೆಯಲ್ಲೋ ಜೂನ್ ಮೊದಲ ವಾರದಲ್ಲೋ, ಮಳೆಮೋಡ ಇಲ್ಲದ ಒಂದು ದಿನ ಮಗಳು ಅಳಿಯನನ್ನು ಊಟಕ್ಕೆ ಕರೆಯಿರಿ. ರಾತ್ರಿ 9ರ ಸುಮಾರಿಗೆ ತಾರಸಿ ಹತ್ತಿ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಕತ್ತು ಜಾಸ್ತಿ ಎತ್ತಬೇಕಾಗಿಲ್ಲ, ದಿಗಂತಕ್ಕೂ ನೆತ್ತಿಗೂ ನಡುವೆ ಮಗುಚಿಟ್ಟ ಸೌಟಿನ ಹಾಗೆ ಏಳು ನಕ್ಷತ್ರ ಕಾಣುತ್ತವೆ. ಎಡಕ್ಕೆ ಬಟ್ಟಲಿನ ನಾಲ್ಕು, ಬಲಕ್ಕೆ ಹಿಡಿಯ ಮೂರು. ಹಿಡಿಯ ನಡುವಿನದು ವಸಿಷ್ಠ. ಅದನ್ನೇ ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಿರಿ. ಬಲಗಡೆ ಅಂಟಿಕೊಂಡ ಹಾಗೆ ಒಂದು ಸಣ್ಣ ಚುಕ್ಕೆ ಕಾಣಿಸುತ್ತದೆ. ಅದೇ ಅರುಂಧತಿ.

ಎಷ್ಟು ಹತ್ತಿರ ಎಂದರೆ, ಕೈ ಉದ್ದಕ್ಕೆ ಚಾಚಿ ಕಿರುಬೆರಳನ್ನು ಆಕಾಶಕ್ಕೆ ಹಿಡಿಯಿರಿ. ಆ ಬೆರಳಿನ ಅಗಲದಲ್ಲಿ ಐದನೇ ಒಂದು ಭಾಗ, ಅಷ್ಟೇ ಇವೆರಡರ ನಡುವಿನ ಜಾಗ. ಹುಣ್ಣಿಮೆ ಚಂದ್ರನ ಅಗಲಕ್ಕೆ ಹೋಲಿಸಿದರೆ ಅದರ ಅರ್ಧಕ್ಕಿಂತಲೂ ಕಡಿಮೆ. ಆರೋಗ್ಯದ ಕಣ್ಣಿಗೆ ಇಷ್ಟು ಅಂತರ ಧಾರಾಳವಾಗಿ ಸಾಕು. ತೊಂದರೆ ಬರುವುದು ಬೆಳಕಿನಿಂದ. ವಸಿಷ್ಠ ಅರುಂಧತಿಗಿಂತ ಸುಮಾರು 6 ಪಟ್ಟು ಹೊಳೆಯುತ್ತದೆ, ಆ ಹೊಳಪಿನ ಪಕ್ಕ ಇದು ಮಂಕು. ನಕ್ಷತ್ರಗಳ ಹೊಳಪಿಗೆ ಕಾಂತಿಮಾನ ಎಂಬ ಅಳತೆ ಇದೆ, ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು. ಕಗ್ಗತ್ತಲಲ್ಲಿ ಬರಿಗಣ್ಣಿಗೆ 6ರವರೆಗೆ ಕಾಣುತ್ತದೆ. ಅರುಂಧತಿಯದು 4. ಹಳ್ಳಿಯ ತಾರಸಿಯಿಂದ ಸಲೀಸಾಗಿ ಸಿಗುತ್ತದೆ. ಬೆಂಗಳೂರಿನ ಎಲ್‌ಇಡಿ ಬೀದಿದೀಪದ ಕೆಳಗೆ ನಿಂತರೆ ವಸಿಷ್ಠನೇ ಕಷ್ಟ.

ಕಾಣದಿದ್ದರೆ ಒಂದು ಉಪಾಯ ಮಾಡಿ. ಮೊಬೈಲ್ ಜೇಬಿಗೆ ಹಾಕಿ ಹದಿನೈದು ನಿಮಿಷ ಕತ್ತಲಲ್ಲೇ ಇರಿ. ಆಮೇಲೆ ನಕ್ಷತ್ರವನ್ನು ನೇರ ದಿಟ್ಟಿಸದೆ, ಅದರ ಪಕ್ಕದ ಖಾಲಿ ಜಾಗ ನೋಡಿ. ಮಂದ ಬೆಳಕನ್ನು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇಲ್ಲ, ಸುತ್ತ ಇವೆ. ಓರೆಗಣ್ಣಿಗೆ ಅರುಂಧತಿ ಥಟ್ಟನೆ ಮೂಡುತ್ತದೆ. ಇನ್ನು, ಮೊದಲು ಹತ್ತಿರದ ದೊಡ್ಡ ನಕ್ಷತ್ರ ತೋರಿಸಿ ಅಲ್ಲಿಂದ ಸಣ್ಣದಕ್ಕೆ ಕಣ್ಣು ಸರಿಸುವ ಈ ಕ್ರಮಕ್ಕೆ ನಮ್ಮಲ್ಲಿ ಹೆಸರೇ ಇದೆ, ಅರುಂಧತೀ ದರ್ಶನ ನ್ಯಾಯ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಕರೆದೊಯ್ಯುವ ಪಾಠಕ್ಕೂ ಅದೇ ಹೆಸರು. ರಾತ್ರಿ ಆಕಾಶವನ್ನು ನಿಜವಾಗಿ ನೋಡುತ್ತಿದ್ದವರಿಗೆ ಮಾತ್ರ ಹೊಳೆಯುವ ಮಾತು ಅದು.

ಮಗನ ಮದುವೆ ಮೆಲ್ಬರ್ನ್‌ನಲ್ಲಿ, ರಾತ್ರಿಯ ಕಾರ್ಯಕ್ರಮ. ಅಲ್ಲಿ ಅರುಂಧತಿ ತೋರಿಸಬಹುದಲ್ಲ?
(ದಾವಣಗೆರೆಯಿಂದ ಒಬ್ಬ ತಾಯಿ)

ಆಗುವುದಿಲ್ಲ ಅಮ್ಮಾ. ಮೆಲ್ಬರ್ನ್ ಭೂಮಧ್ಯರೇಖೆಯಿಂದ ತುಂಬಾ ದಕ್ಷಿಣಕ್ಕಿದೆ, ಅಲ್ಲಿ ವರ್ಷದ ಯಾವ ರಾತ್ರಿಯೂ ಅರುಂಧತಿ ದಿಗಂತದ ಮೇಲೆ ಬರುವುದೇ ಇಲ್ಲ. ಧ್ರುವ ನಕ್ಷತ್ರವೂ ಇಲ್ಲ. ದಂಪತಿ ಊರಿಗೆ ಬಂದಾಗ ತೋರಿಸಿ.

ಅರುಂಧತಿ ಇಷ್ಟು ಮಂಕಾಗಿದೆ ಎಂದರೆ ತುಂಬಾ ಚಿಕ್ಕ ನಕ್ಷತ್ರ ಇರಬೇಕು ಅಲ್ವಾ? ನಮ್ಮ ಸೂರ್ಯನಿಗಿಂತಲೂ ಚಿಕ್ಕದಾ?
(9ನೇ ತರಗತಿ ವಿದ್ಯಾರ್ಥಿನಿ, ಗದಗ)

ಪುಟ್ಟಿ, ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಮಂಕಾಗಿ ಕಾಣುವುದಕ್ಕೂ ಮಂಕಾಗಿರುವುದಕ್ಕೂ ಬಹಳ ವ್ಯತ್ಯಾಸ ಇದೆ. ಎದುರು ಮನೆಯ ಜಗುಲಿಯ ಸಣ್ಣ ಬಲ್ಬು ಕಣ್ಣು ಕುಕ್ಕುತ್ತದೆ, ದೂರದ ಗುಡ್ಡದ ಮೇಲಿನ ದೊಡ್ಡ ದೀಪ ಚುಕ್ಕೆಯಂತೆ ಕಾಣುತ್ತದೆ.

ಅರುಂಧತಿ ನಮ್ಮಿಂದ ಸುಮಾರು 82 ಜ್ಯೋತಿರ್ವರ್ಷ ದೂರದಲ್ಲಿದೆ. ಒಂದು ಜ್ಯೋತಿರ್ವರ್ಷ ಎಂದರೆ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್. ಈ ರಾತ್ರಿ ನಿನ್ನ ಕಣ್ಣಿಗೆ ಬೀಳುವ ಅದರ ಬೆಳಕು ನಮಗೆ ಸ್ವಾತಂತ್ರ್ಯ ಬರುವ ಮೊದಲೇ ಅಲ್ಲಿಂದ ಹೊರಟಿದ್ದು. ನಿಮ್ಮ ಅಜ್ಜಿ ಆಗ ಹುಟ್ಟಿದ್ದರೋ ಇಲ್ಲವೋ ಕೇಳಿ ನೋಡು.

ಈಗ ಒಂದು ಲೆಕ್ಕ. ನಮ್ಮ ಸೂರ್ಯನನ್ನು ಎತ್ತಿಕೊಂಡು ಹೋಗಿ ಅರುಂಧತಿಯ ಪಕ್ಕದಲ್ಲೇ ಇಟ್ಟೆವು ಅಂತಿಟ್ಟುಕೋ. ಇಲ್ಲಿಂದ ಅದರ ಕಾಂತಿಮಾನ 6.8 ಆಗುತ್ತದೆ. ಬರಿಗಣ್ಣಿನ ಮಿತಿ 6 ಎಂದು ಮೇಲೆ ಹೇಳಿದೆನಲ್ಲ. ಅಂದರೆ ಹಗಲೆಲ್ಲ ನಮ್ಮ ನೆತ್ತಿ ಸುಡುವ ಈ ಸೂರ್ಯ ಅಲ್ಲಿದ್ದರೆ ಬರಿಗಣ್ಣಿಗೆ ಕಾಣುತ್ತಲೇ ಇರಲಿಲ್ಲ! ಅರುಂಧತಿ ಕಾಣುತ್ತದೆ. ಏಕೆಂದರೆ ಅದು ಸೂರ್ಯನಿಗಿಂತ ಸುಮಾರು 14 ಪಟ್ಟು ಬೆಳಕು ಚೆಲ್ಲುತ್ತದೆ. ತೂಕ ಸೂರ್ಯನ 1.8 ಪಟ್ಟು, ಅಗಲವೂ ಹೆಚ್ಚುಕಡಿಮೆ ಅಷ್ಟೇ ಪಟ್ಟು. ಮೈಯ ಬಿಸಿ ಸುಮಾರು 8,000 ಕೆಲ್ವಿನ್, ಸೂರ್ಯನದು 5,800ರ ಹತ್ತಿರ. ಅದಕ್ಕೇ ಸೂರ್ಯನ ಹಳದಿ ಛಾಯೆ ಅದಕ್ಕಿಲ್ಲ, ಅಚ್ಚ ಬಿಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು ಸುತ್ತುವ ರಭಸ. ಸೂರ್ಯ ತನ್ನ ಸುತ್ತ ಒಂದು ಸುತ್ತು ತಿರುಗಲು 25 ದಿನ ತೆಗೆದುಕೊಳ್ಳುತ್ತಾನೆ, ನಡುವಿನಲ್ಲಿ ಅವನ ಮೇಲ್ಮೈ ಸೆಕೆಂಡಿಗೆ 2 ಕಿಲೋಮೀಟರ್ ಸರಿಯುತ್ತದೆ. ಅರುಂಧತಿಯ ಮೇಲ್ಮೈ ಸೆಕೆಂಡಿಗೆ 200 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತದೆ. ನೀನು ಬೆಳಿಗ್ಗೆ ಶಾಲೆಗೆ ಹೊರಟು ಸಂಜೆ ಆಟ ಮುಗಿಸಿ ಮನೆಗೆ ಬರುವಷ್ಟರಲ್ಲಿ, ಸುಮಾರು 10 ಗಂಟೆಯಲ್ಲಿ, ಸೂರ್ಯನಿಗಿಂತ ದೊಡ್ಡದಾದ ಆ ಬೆಂಕಿಯ ಉಂಡೆ ಒಂದು ಸುತ್ತು ಪೂರ್ತಿ ತಿರುಗಿರುತ್ತದೆ. ಇಷ್ಟು ರಭಸಕ್ಕೆ ಅದು ಪೂರ್ತಿ ಗುಂಡಗೂ ಇರಲಾರದು, ನಡು ಸ್ವಲ್ಪ ಉಬ್ಬಿರುತ್ತದೆ.

ವಯಸ್ಸಿನಲ್ಲಿ ಮಾತ್ರ ಎಳೆಯದು. ಸೂರ್ಯನಿಗೆ 460 ಕೋಟಿ ವರ್ಷವಾದರೆ ಅರುಂಧತಿಗೆ 40–50 ಕೋಟಿ ವರ್ಷ. ಜೋರಾಗಿ ಉರಿಯುವ ಒಲೆಗೆ ಸೌದೆ ಬೇಗ ಮುಗಿಯುವ ಹಾಗೆ, ಅದರ ಆಯುಸ್ಸು ಸೂರ್ಯನಿಗಿಂತ ಬಹಳ ಕಡಿಮೆ. ಅದು ಉಬ್ಬಿ ಕೆಂಪು ದೈತ್ಯವಾಗಿ, ಕೊನೆಗೆ ಭೂಮಿಯಷ್ಟು ಗಾತ್ರದ ಬಿಳಿ ಕುಬ್ಜವಾಗಿ ಉಳಿಯುವ ಕಾಲಕ್ಕೆ ಸೂರ್ಯ ಇನ್ನೂ ಬೆಳಗುತ್ತಿರುತ್ತಾನೆ.

ಅಲ್ಲಿಗೆ ಯಾರೂ ಹೋಗಿಲ್ಲ. ತಕ್ಕಡಿಯಲ್ಲಿ ಇಟ್ಟು ತೂಗಿಲ್ಲ. ದೂರ ಇಷ್ಟು, ಬಿಸಿ ಇಷ್ಟು ಅಂತ ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?
(ಹುಬ್ಬಳ್ಳಿಯಿಂದ ಒಬ್ಬ ಕಿರಾಣಿ ವ್ಯಾಪಾರಿ)

ತೂಕದ ವಿಷಯದಲ್ಲಿ ನಿಮ್ಮನ್ನು ಸುಮ್ಮನೆ ಒಪ್ಪಿಸಲು ಆಗುವುದಿಲ್ಲ ಎಂದು ಗೊತ್ತು. ಒಂದೊಂದೇ ಹೇಳುತ್ತೇನೆ.

ದೂರಕ್ಕೆ: ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿ. ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿಯುತ್ತದೆ. ಬೆರಳು ದೂರವಾದಷ್ಟೂ ಜಿಗಿತ ಕಡಿಮೆ. ಭೂಮಿ ಸೂರ್ಯನ ಸುತ್ತ ಹೋಗುವಾಗ ಜನವರಿಯಲ್ಲಿ ಒಂದು ಕಡೆ, ಜುಲೈನಲ್ಲಿ ಎದುರು ಕಡೆ ಇರುತ್ತದೆ. ಅವೇ ನಮ್ಮ ಎರಡು ಕಣ್ಣು. ಹತ್ತಿರದ ನಕ್ಷತ್ರ ದೂರದ ನಕ್ಷತ್ರಗಳ ಎದುರು ಆರು ತಿಂಗಳಲ್ಲಿ ಕೊಂಚ ಸರಿದಂತೆ ಕಾಣುತ್ತದೆ. ಆ ಸರಿತದ ಅರ್ಧವೇ ಲೆಕ್ಕಕ್ಕೆ ಬೇಕಾದ ಕೋನ. ಹಾಗೆ ಅಳೆದ ಅರುಂಧತಿಯ ಕೋನ ಒಂದು ಡಿಗ್ರಿಯನ್ನು 3,600 ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು ಮತ್ತೆ 25 ಚೂರು ಮಾಡಿದರೆ ಸಿಗುವ ಒಂದು ಚೂರು. ಬೆಂಗಳೂರಿನಲ್ಲಿ ನಿಂತು ಮೈಸೂರಿನಲ್ಲಿ ಯಾರೋ ಹಿಡಿದ ಐದು ರೂಪಾಯಿ ನಾಣ್ಯದ ಅಗಲವನ್ನು ಅಳೆದ ಹಾಗೆ. ಯುರೋಪಿನ ಹಿಪ್ಪಾರ್ಕಸ್ ಎಂಬ ಉಪಗ್ರಹ 1989ರಿಂದ 1993ರವರೆಗೆ ಭೂಮಿಯ ಗಾಳಿಯ ಅಲುಗಾಟದಿಂದ ಹೊರಗಿದ್ದು ಈ ಕೆಲಸ ಮಾಡಿತು. ಇಂಥ ಅಳತೆಯಲ್ಲಿ ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ, ಅದಕ್ಕೇ ನಾನು ಎಲ್ಲ ಕಡೆ 'ಸುಮಾರು' ಎಂದು ಬರೆಯುವುದು.

ಬಿಸಿಗೆ: ಕಮ್ಮಾರನ ಕುಲುಮೆ ನೆನಪಿಸಿಕೊಳ್ಳಿ. ಕಬ್ಬಿಣ ಮೊದಲು ಕೆಂಪಗೆ, ಆಮೇಲೆ ಹಳದಿ, ಇನ್ನೂ ಕಾದರೆ ಬೆಳ್ಳಗೆ. ಮುಟ್ಟದೆಯೇ ಕಮ್ಮಾರನಿಗೆ ಹದ ಗೊತ್ತಾಗುತ್ತದೆ. ನಕ್ಷತ್ರದ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ನೋಡಿದರೆ ಬಣ್ಣಗಳ ನಡುವೆ ಅಲ್ಲಲ್ಲಿ ಕಪ್ಪು ಗೆರೆಗಳೂ ಇರುತ್ತವೆ. ಯಾವ ಗೆರೆ ಎಷ್ಟು ಗಾಢ ಎಂಬುದರಿಂದ ಬಿಸಿ ಇನ್ನೂ ಖಚಿತವಾಗುತ್ತದೆ. ಅರುಂಧತಿಯಲ್ಲಿ ಆ ಗೆರೆಗಳು ಚೂಪಾಗಿಲ್ಲ, ಒದ್ದೆ ಕಾಗದದ ಮೇಲೆ ಎಳೆದ ಶಾಯಿಯ ಹಾಗೆ ಅಗಲಕ್ಕೆ ಹರಡಿವೆ. ನಕ್ಷತ್ರ ಗಿರಗಿರ ತಿರುಗುವಾಗ ಒಂದು ಅಂಚು ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ಅಂಚು ದೂರ ಸರಿಯುತ್ತಿರುತ್ತದೆ. ಬಸ್ಸು ಹಾರ್ನ್ ಹೊಡೆಯುತ್ತಾ ಹತ್ತಿರ ಬರುವಾಗ ಒಂದು ಸ್ವರ, ದಾಟಿ ಹೋದ ಮೇಲೆ ಇನ್ನೊಂದು ಸ್ವರ ಕೇಳುತ್ತದಲ್ಲ, ಬೆಳಕಿಗೂ ಹಾಗೇ ಆಗುತ್ತದೆ. ಎರಡೂ ಬೆರೆತು ಗೆರೆ ಹರಡುತ್ತದೆ. ಹರಡಿದ ಅಗಲವೇ ವೇಗದ ಲೆಕ್ಕ.

ತೂಕಕ್ಕೆ: ತಕ್ಕಡಿ ಇದೆ ಸ್ವಾಮಿ, ಅದೂ ಪಕ್ಕದಲ್ಲೇ. ಎರಡು ನಕ್ಷತ್ರ ಪರಸ್ಪರ ಸುತ್ತುತ್ತಿದ್ದರೆ, ಎಷ್ಟು ದೂರದಲ್ಲಿ ಎಷ್ಟು ದಿನಕ್ಕೆ ಸುತ್ತುತ್ತವೆ ಎಂಬುದರಿಂದ ತೂಕ ನೇರವಾಗಿ ಸಿಗುತ್ತದೆ. ವಸಿಷ್ಠದಲ್ಲೇ ಅಂಥ ಜೋಡಿಗಳಿವೆ. ಹೀಗೆ ತೂಗಿದ ನೂರಾರು ನಕ್ಷತ್ರಗಳಿಂದ ಇಷ್ಟು ಬಿಸಿ, ಇಷ್ಟು ಬೆಳಕು ಇದ್ದರೆ ಇಷ್ಟು ತೂಕ ಎಂಬ ಪಟ್ಟಿ ಸಿದ್ಧವಾಗಿದೆ. ಅರುಂಧತಿಯ ತೂಕ ಆ ಪಟ್ಟಿಯಿಂದ ಬಂದದ್ದು.

ಬೇರೆ ಜೋಡಿ ನಕ್ಷತ್ರಗಳಲ್ಲಿ ಒಂದು ಸ್ಥಿರವಾಗಿ ನಿಂತು ಇನ್ನೊಂದು ಅದರ ಸುತ್ತ ಸುತ್ತುತ್ತದೆ, ಅರುಂಧತಿ ವಸಿಷ್ಠ ಮಾತ್ರ ಒಬ್ಬರನ್ನೊಬ್ಬರು ಸುತ್ತುತ್ತಾರೆ, ಇದು ನಮ್ಮ ಹಿರಿಯರಿಗೆ ಗೊತ್ತಿತ್ತು ಎಂದು ವಾಟ್ಸಾಪ್‌ನಲ್ಲಿ ಓದಿದೆ. ನಿಜವೇ?
(ಮೈಸೂರು, ಶಿವಮೊಗ್ಗ, ಮಸ್ಕತ್‌ನಿಂದ ಬೇರೆ ಬೇರೆ ಓದುಗರು)

ಈ ಸಂದೇಶ ನನಗೇ ನಾಲ್ಕು ಸಲ ಬಂದಿದೆ. ಕಳಿಸಿದವರ ಅಭಿಮಾನ ಅರ್ಥವಾಗುತ್ತದೆ, ಆದರೆ ಮಾತು ಸರಿಯಿಲ್ಲ. ಯಾವ ಜೋಡಿ ನಕ್ಷತ್ರದಲ್ಲೂ ಒಂದು ಸ್ಥಿರವಾಗಿ ನಿಂತಿರುವುದಿಲ್ಲ. ಎರಡೂ ತಮ್ಮ ನಡುವಿನ ಒಂದು ಬಿಂದುವಿನ ಸುತ್ತ ಸುತ್ತುತ್ತವೆ, ಭಾರದ್ದು ಸಣ್ಣ ಸುತ್ತು, ಹಗುರದ್ದು ದೊಡ್ಡ ಸುತ್ತು. ಇದರಲ್ಲಿ ಅರುಂಧತಿ ವಸಿಷ್ಠರದ್ದೇ ವಿಶೇಷ ಏನೂ ಇಲ್ಲ.

ಇನ್ನೊಂದು ವಿಷಯ. ಭೂಮಿಗೂ ಸೂರ್ಯನಿಗೂ ಇರುವ ದೂರವನ್ನು ಒಂದು ಹೆಜ್ಜೆ ಎಂದುಕೊಂಡರೆ ಅರುಂಧತಿ ಮತ್ತು ವಸಿಷ್ಠ ಕನಿಷ್ಠ 17,000 ಹೆಜ್ಜೆ ದೂರದಲ್ಲಿವೆ. ಒಂದರ ಹಿಂದೆ ಒಂದು ಇದ್ದರೆ ಇನ್ನೂ ಜಾಸ್ತಿ, ಒಂದು ಜ್ಯೋತಿರ್ವರ್ಷದವರೆಗೂ ಇರಬಹುದು. ಇವೆರಡು ಗುರುತ್ವದಿಂದ ಕಟ್ಟಿಕೊಂಡಿವೆ ಎಂಬುದಕ್ಕೆ 2009ರಲ್ಲಿ ಒಳ್ಳೆಯ ಪುರಾವೆಗಳು ಸಿಕ್ಕವು. ಹಾಗೆ ಕಟ್ಟಿಕೊಂಡಿದ್ದರೂ ಒಂದು ಸುತ್ತಿಗೆ ಲಕ್ಷಾಂತರ ವರ್ಷ ಬೇಕು. ಬರಿಗಣ್ಣಿನಲ್ಲಿ ನೂರು ತಲೆಮಾರು ಕೂತು ನೋಡಿದರೂ ಅದು ಗೊತ್ತಾಗುವಂಥದ್ದಲ್ಲ. ಹಿರಿಯರು ಕಂಡದ್ದು ಎರಡು ಚುಕ್ಕೆ ಯಾವಾಗಲೂ ಜೊತೆಗಿರುವುದನ್ನು. ಅದನ್ನು ಅಷ್ಟು ಸೂಕ್ಷ್ಮವಾಗಿ ಗಮನಿಸಿ ಮದುವೆಯ ಶಾಸ್ತ್ರಕ್ಕೆ ತಂದರಲ್ಲ, ನನಗೆ ಅದೇ ದೊಡ್ಡದಾಗಿ ಕಾಣುತ್ತದೆ. ಅವರು ನೋಡದ್ದನ್ನು ಅವರ ಹೆಸರಿಗೆ ಬರೆಯುವ ಅಗತ್ಯ ಇಲ್ಲ.

ನಿಜವಾದ ಕಥೆ ಆ ಸಂದೇಶಕ್ಕಿಂತ ಚೆಂದ. 1617ರಲ್ಲಿ ಇಟಲಿಯ ಬೆನೆಡೆಟ್ಟೊ ಕಾಸ್ಟೆಲ್ಲಿ ಎಂಬುವರು ದೂರದರ್ಶಕದಲ್ಲಿ ನೋಡಿದರೆ ವಸಿಷ್ಠವೇ ಎರಡಾಗಿ ಕಾಣುತ್ತದೆ ಎಂದು ತಮ್ಮ ಗುರು ಗೆಲಿಲಿಯೊಗೆ ತಿಳಿಸಿದರು. 1889ರಲ್ಲಿ ಹಾರ್ವರ್ಡ್‌ನ ಎಡ್ವರ್ಡ್ ಪಿಕರಿಂಗ್ ಆ ಎರಡರಲ್ಲಿ ಒಂದರ ಬೆಳಕಿನ ಗೆರೆಗಳು ಒಮ್ಮೆ ಜೋಡಿಯಾಗಿ ಒಮ್ಮೆ ಒಂದಾಗಿ ಕಾಣುವುದನ್ನು ಹಿಡಿದರು. ಅಲ್ಲೂ ಎರಡು ನಕ್ಷತ್ರ, 20 ದಿನ ಚಿಲ್ಲರೆಗೆ ಒಂದು ಸುತ್ತು. ಆಮೇಲೆ ಇನ್ನೊಂದೂ ಜೋಡಿಯೇ ಎಂದು ತಿಳಿಯಿತು. ಅಲ್ಲಿಗೆ ವಸಿಷ್ಠವೇ ನಾಲ್ಕು ನಕ್ಷತ್ರ. 2009ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು ಪಾಲೊಮಾರ್‌ನ ದೊಡ್ಡ ದೂರದರ್ಶಕದಿಂದ, ಇನ್ನೊಂದು ಅರಿಜೋನದಿಂದ, ಅರುಂಧತಿಗೂ ಒಂದು ಜೊತೆ ಇರುವುದನ್ನು ಕಂಡುಹಿಡಿದವು. ಸೂರ್ಯನ ಕಾಲು ಭಾಗದಷ್ಟು ತೂಕದ ಒಂದು ಕೆಂಪು ಕುಬ್ಜ ನಕ್ಷತ್ರ. ಅಷ್ಟು ವರ್ಷ ಅರುಂಧತಿಯ ಹೊಳಪಿನಲ್ಲೇ ಅದು ಮರೆಯಾಗಿತ್ತು. ನಾವು ಮಂಕು ಅನ್ನುವ ಅರುಂಧತಿ ತನ್ನ ಪಕ್ಕದವನ ಕಣ್ಣಿಗೆ ಎಷ್ಟು ಪ್ರಖರ ನೋಡಿ! ಎಲ್ಲ ಸೇರಿ ಆರು.

ಇಷ್ಟಕ್ಕೇ ಮುಗಿಯಲಿಲ್ಲ. 1869ರಲ್ಲಿ ಇಂಗ್ಲೆಂಡಿನ ರಿಚರ್ಡ್ ಪ್ರಾಕ್ಟರ್ ಸಪ್ತರ್ಷಿಗಳ ಚಲನೆ ಲೆಕ್ಕ ಹಾಕಿದಾಗ ಐವರು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ ಹೋಗುತ್ತಿರುವುದು ಗೊತ್ತಾಯಿತು. ಪುಲಹ, ಪುಲಸ್ತ್ಯ, ಅತ್ರಿ, ಅಂಗಿರಸ, ವಸಿಷ್ಠ, ಜೊತೆಗೆ ಅರುಂಧತಿ. ಒಂದೇ ಮೋಡದಲ್ಲಿ ಹುಟ್ಟಿದ ಒಡಹುಟ್ಟುಗಳು. ಸೌಟಿನ ಎರಡು ತುದಿಯ ಕ್ರತು ಮತ್ತು ಮರೀಚಿ ಮಾತ್ರ ಈ ಗುಂಪಿನವರಲ್ಲ, ತಮ್ಮ ದಾರಿ ತಾವು ಹಿಡಿದಿದ್ದಾರೆ. ಸಾವಿರಾರು ವರ್ಷ ಕಳೆದಂತೆ ಸೌಟಿನ ಆಕಾರ ಮೆಲ್ಲಗೆ ಬದಲಾಗುತ್ತದೆ.

ನನಗೆ 71 ವರ್ಷ. ಅರುಂಧತಿ ಕಾಣದವರಿಗೆ ಆಯುಸ್ಸು ಮುಗಿಯಿತು ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಮೊನ್ನೆ ಮೊಮ್ಮಗ ತೋರಿಸಿದ, ಎಷ್ಟು ನೋಡಿದರೂ ನನಗೆ ಒಂದೇ ಚುಕ್ಕೆ. ಮನಸ್ಸಿಗೆ ಒಂಥರಾ ಆಗಿದೆ.
(ಒಬ್ಬ ನಿವೃತ್ತ ಶಿಕ್ಷಕರು, ಸಾಗರ)

ಮೇಷ್ಟ್ರೇ, ಹೆದರಬೇಡಿ. ಹಳೆಯ ಸಂಸ್ಕೃತ ಸುಭಾಷಿತವೊಂದರಲ್ಲಿ ಆ ಮಾತು ಇದೆ: ಆಯುಸ್ಸು ಮುಗಿದವರಿಗೆ ಆರಿದ ದೀಪದ ವಾಸನೆ ತಿಳಿಯುವುದಿಲ್ಲ, ಗೆಳೆಯರ ಹಿತವಚನ ಕಿವಿಗೆ ಬೀಳುವುದಿಲ್ಲ, ಅರುಂಧತಿ ಕಾಣುವುದಿಲ್ಲ ಎಂದು. ಜಪಾನಿನಲ್ಲೂ ಇದೇ ನಕ್ಷತ್ರದ ಬಗ್ಗೆ ಇಂಥದ್ದೇ ನಂಬಿಕೆ ಇತ್ತು. ಅರಬರು ಇದನ್ನು ಸುಹಾ ಎಂದು ಕರೆದು ಕಣ್ಣಿನ ಪರೀಕ್ಷೆಗೆ ಬಳಸುತ್ತಿದ್ದರು. ನೋಡಿ, ಮೂರೂ ಕಡೆ ವಿಷಯ ಒಂದೇ, ವಯಸ್ಸಾದಂತೆ ಕಣ್ಣು ಮಂಕಾಗುತ್ತದೆ. ಕನ್ನಡಕ ಇಲ್ಲದ, ಪೊರೆಗೆ ಆಪರೇಷನ್ ಇಲ್ಲದ ಕಾಲದಲ್ಲಿ ಅದನ್ನು ಆಯುಸ್ಸಿಗೆ ಕಟ್ಟಿದರು.

ಹರೆಯದಲ್ಲಿ ಕತ್ತಲಲ್ಲಿ ಕಣ್ಣಿನ ಪಾಪೆ 7 ಮಿಲಿಮೀಟರಿನಷ್ಟು ತೆರೆಯುತ್ತದೆ, ನಮ್ಮ ವಯಸ್ಸಿಗೆ 5 ಮಿಲಿಮೀಟರ್ ಆದರೆ ಹೆಚ್ಚು. ಒಳಗೆ ಹೋಗುವ ಬೆಳಕು ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಪೊರೆ ಇದ್ದರೆ ವಸಿಷ್ಠನ ಬೆಳಕು ಸುತ್ತ ಚದುರಿ ಅರುಂಧತಿಯನ್ನು ನುಂಗಿಬಿಡುತ್ತದೆ. ನನ್ನ ಅಮ್ಮನಿಗೂ ಹಾಗೇ ಆಗಿತ್ತು. ಏಳೆಂಟು ವರ್ಷ ನಾನು ತೋರಿಸಿದಾಗಲೆಲ್ಲ "ಒಂದೇ ಕಣೋ, ಅದೂ ಮುಳ್ಳುಮುಳ್ಳಾಗಿ" ಅನ್ನುತ್ತಿದ್ದರು. ಎರಡೂ ಕಣ್ಣಿನ ಪೊರೆ ತೆಗೆಸಿದ ಮುಂದಿನ ಬೇಸಿಗೆಯಲ್ಲಿ ಊರಿನ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ನಾನು ಬೆರಳು ಎತ್ತುವ ಮೊದಲೇ, "ಪಕ್ಕದಲ್ಲಿ ಒಂದು ಚಿಕ್ಕದಿದೆಯಲ್ಲ, ಅದೇನಾ?" ಎಂದು ಕೇಳಿದರು.

ನೀವು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಿ ದೂರದ ಕನ್ನಡಕದ ನಂಬರ್ ಸರಿ ಇದೆಯಾ, ಪೊರೆ ಬಂದಿದೆಯಾ ತೋರಿಸಿಕೊಂಡು ಬನ್ನಿ. ಅಷ್ಟರೊಳಗೆ ನೋಡಲೇಬೇಕು ಅನಿಸಿದರೆ ಮೊಮ್ಮಗನಿಗೆ ಹೇಳಿ ಯಾರದ್ದಾದರೂ ಸಾಧಾರಣ ಬೈನಾಕ್ಯುಲರ್ ತರಿಸಿ, ಮೊಣಕೈಯನ್ನು ತಾರಸಿಯ ಗೋಡೆಗೆ ಊರಿ ಹಿಡಿಯಿರಿ. ಮಳೆಗಾಲ ಶುರುವಾಗಿಬಿಟ್ಟರೆ ಸಾಗರದಲ್ಲಿ ಆಕಾಶ ಸಿಗುವುದು ಕಷ್ಟ. ಆಗ ಜನವರಿವರೆಗೆ ಕಾಯಿರಿ. ಬೆಳಗಿನ ಜಾವ 5 ಗಂಟೆಗೆ ಎದ್ದರೆ ಉತ್ತರದಲ್ಲಿ ಸೌಟು ಮೇಲೇರಿರುತ್ತದೆ, ಚಳಿಗಾಲದ ಗಾಳಿಯೂ ತಿಳಿಯಾಗಿರುತ್ತದೆ. ಮಂಜು ಇಳಿಯುವ ಮೊದಲೇ ನೋಡಿಬಿಡಿ, ಸ್ವೆಟರ್ ಮರೆಯಬೇಡಿ.